ಹತ್ತಿತು, ಹತ್ತಲಿಲ್ಲ

ಮುಖ್ತಿಯಾರ್ ಸಾಬರ ಪುಸ್ತಕ ಈಗ ನನ್ನ ಡ್ರಾಯರಿನಲ್ಲಿದೆ.
ಶಿಡ್ಲಘಟ್ಟದ ಗೂಡಿನ ವ್ಯಾಪಾರದ ಹಳೇ ರಸೀದಿಗಳು,
ಬೆನ್ನಿಗೆ ಬರೆದದ್ದು.
ಎಡಕ್ಕೆ ಬೋರ್ಡು, ನಡುವೆ ಪ್ರೊಸೆಸರು, ಬಲಕ್ಕೆ ಒಂದೇ ಮಾತು:
ಹತ್ತಿತು. ಹತ್ತಲಿಲ್ಲ.
ಒಂದು ಕಡೆ, ಹತ್ತಿತು, ಆಮೇಲೆ ಹೊಗೆ.
ಮೊದಲ ಹಾಳೆಯ ನೆತ್ತಿಗೆ ಕೆಂಪು ಶಾಯಿಯಲ್ಲಿ:
೭೭೫ ಅಂದರೆ ೭೭೫. ಆದರೂ ನಂಬಬೇಡ.

ನಂಬಿದ್ದೆ ನಾನು, ಮೊದಲ ವರ್ಷ.
ಕೂರುತ್ತಲ್ಲ, ಕಚ್ಚಿಗೆ ಕಚ್ಚು ಸರಿಯಾಗಿ,
ಲಿವರ್ ಒತ್ತಿದರೆ ಕಟ್ ಅಂತ ಒಪ್ಪಿಕೊಳ್ಳುತ್ತಲ್ಲ ಅಂತ.
ಫ್ಯಾನು ತಿರುಗಿತು. ಪರದೆ ಮಾತ್ರ
ಅಮಾವಾಸ್ಯೆ.
ಜಾಗ ಕೊಡೋದು ಸಾಕೆಟ್ಟು ಕಣೋ,
ಗುರುತು ಹಿಡಿಯೋದು ಚಿಪ್‌ಸೆಟ್ಟು, ಅಂದಿದ್ದರು ಸಾಬರು
ಬೀಡಿ ಬಾಯಿಂದ ತೆಗೆಯದೆ.

ನಿನ್ನೆ ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಶ್ವತ್ಥಮ್ಮ
ಸಿಪಿಯು ತಬ್ಬಿಕೊಂಡು ಆಟೋ ಇಳಿದರು.
"ಒಂದು ಪಹಣಿ ತೆರೆಯೋ ಹೊತ್ಗೆ ಎರಡು ಟೀ ಆಗ್ತೈತೆ.
ಗಿರಾಕಿ ಕುಡೀತಾನೆ, ಕಾಸು ನಂದು."

ಮುಚ್ಚಳ ಬಿಚ್ಚಿದೆ. ಧೂಳಿನ ಹಾಸಿಗೆ, ಜಿರಳೆಯ ರೆಕ್ಕೆ,
ಯಾರದೋ ಪಾಸ್‌ಪೋರ್ಟ್ ಫೋಟೋ,
ಸುಣ್ಣವಾಗಿ ಉದುರುವ ಪೇಸ್ಟಿನಡಿ
ಪೆಂಟಿಯಮ್ ಫೋರ್, ಮೂರು ಗಿಗಾಹರ್ಟ್ಸ್.
ಬೋರ್ಡು ೯೪೫. ಸಾಬರ ಹಾಳೆ ತಿರುವಿದೆ.
ನಾಲ್ಕು ಕೋರಿನದು: ಬೇಡ.
ನಲವತ್ತೈದು ನ್ಯಾನೋದ್ದು: ಯಾವುದೂ ಬೇಡ.
ಕೋರ್ ಟೂ ಡುಯೊ ಇ-೬೬೦೦: ಬಯಾಸ್ ಹೊಸದಾದರೆ. ನೋಡಬೇಕು.
ಅದರ ಮುಂದೆ ಖಾಲಿ.
ನೋಡುವಷ್ಟರಲ್ಲಿ ಅವರೇ ಹೋಗಿದ್ದರು.

ಇತ್ತು ನನ್ನ ಹತ್ತಿರ, ಮೊಟ್ಟೆ ಟ್ರೇಯ ಮೂರನೇ ಗುಳಿಯಲ್ಲಿ.
ಎರಡು ಪಾಯಿಂಟ್ ನಾಲ್ಕು ಅಮ್ಮ, ಅಂದೆ.
ಆಯಮ್ಮ ಕನ್ನಡಕ ಏರಿಸಿದರು:
"ಮೂರು ತಗೊಂಡು ಎರಡೂ ನಾಲ್ಕು ಕೊಡ್ತೀಯ?
ದಿನಾ ಕ್ರಯಪತ್ರ ಹೊಡಿಯೋಳಿಗೇ ಗುಂಟೆ ಲೆಕ್ಕ ಹೇಳ್ತೀಯೇನೋ?"

ಪಕ್ಕದ ಸಿಕಂದರನ ರೀಲಿಂಗ್ ಕೊಟ್ಟಿಗೆ ತೋರಿಸಿದೆ.
ಒಬ್ಬಳೇ ಕೂತು ಉಸಿರು ಕಟ್ಟಿ ಎಳೆದರೆ
ನೂಲೂ ಹರಿಯುತ್ತೆ, ಬೆರಳೂ ಬೇಯುತ್ತೆ.
ಇಬ್ಬರು ಕೂತು ಒಂದಿಷ್ಟು ಮೆಲ್ಲಗೆ ಎಳೆದರೆ?
ನಿಮ್ಮದು ಎಂಬತ್ತನಾಲ್ಕು ವ್ಯಾಟಿನ ಒಂಟಿ, ಅಮ್ಮ.
ಇದು ಅರವತ್ತೈದರಲ್ಲಿ ಜೋಡಿ.
ಆಯಮ್ಮ ಬೇಸಿನ್ನಿನ ಹೆಣ್ಣುಮಕ್ಕಳನ್ನೇ ನೋಡುತ್ತ ಕೇಳಿದರು,
"ಕೂಲಿ ಇಬ್ಬರಿಗೂ ಕೊಡಬೇಕಲ್ಲಪ್ಪ?"
ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಇನ್ನು ಬಯಾಸು. ಬರೆಯೋದಕ್ಕೆ ಎರಡೇ ನಿಮಿಷ.
ನಡುವೆ ಕರೆಂಟು ಹೋದರೆ ಬೋರ್ಡು ಬರೀ ಹಸಿರು ಹಲಗೆ.
ಹೊಸಬನನ್ನ ಕೂರಿಸಿಕೊಂಡು ಬರೆಯೋ ಹಾಗೂ ಇಲ್ಲ,
ಹಳಬನ ಕೈಯಲ್ಲೇ ಹೊಸಬನ ಹೆಸರು ಬರೆಸಬೇಕು.
ಗಂಟೆ ಮೂರಕ್ಕೆ ಐದು ನಿಮಿಷ.
ಮೂರಕ್ಕೆ ನಮ್ಮ ಫೀಡರು ತೆಗೀತಾರೆ.
ಯುಪಿಎಸ್ಸಿನ ಬ್ಯಾಟರಿ ಹೊಟ್ಟೆ ಊದಿಕೊಂಡು ಆರು ತಿಂಗಳು.

"ಸಿಕಂದರಾ," ಅಂತ ಗೋಡೆ ಮೇಲೆ ಕೂಗಿದವರು ಅಶ್ವತ್ಥಮ್ಮ,
"ಜನರೇಟ್ರು ಹಾಕಪ್ಪ, ನಿನ್ನ ಗೋಡೌನಿನ ಕರಾರು ಪುಕ್ಕಟೆ!"
ಕಿಟಕಿಯಿಂದ ವೈರು ಬಂತು, ಅದರ ಹಿಂದೆಯೇ
ಬೆಂದ ಹುಳುವಿನ ವಾಸನೆ.
ಹನ್ನೆರಡು ಪರ್ಸೆಂಟು. ಮೂವತ್ತು.
ನಲವತ್ತೊಂದಕ್ಕೆ ಜನರೇಟರು ಕೆಮ್ಮಿತು.
ಮೂವರೂ ಪರದೆ ಬಿಟ್ಟು ಗೋಡೆ ನೋಡಿದೆವು.
ಮತ್ತೆ ಗುಡುಗಿತು.

ತೆಗೆದೆ, ಒರೆಸಿದೆ, ಹೊಸ ಪೇಸ್ಟು ಅಕ್ಕಿಕಾಳಿನಷ್ಟು,
ಲಿವರ್ ಒತ್ತಿದೆ. ಕಟ್.
ಫ್ಯಾನು ತಿರುಗಿತು. ಪರದೆ ಕಪ್ಪು.
ಇನ್ನೂ ಕಪ್ಪು.
ಆಮೇಲೆ ಒಂದು ಬೀಪು.

ಪಹಣಿ ತೆರೆಯಿತು, ಯಾವುದೋ ಸರ್ವೆ ನಂಬರಿನದು.
ಹೇಳಿಸಿದ್ದ ಟೀ ಇನ್ನೂ ಬಂದಿರಲಿಲ್ಲ.
ಆಯಮ್ಮ ಏನೂ ಅನ್ನಲಿಲ್ಲ, ಐನೂರರಲ್ಲಿ ಎಂಬತ್ತು ಹಿಡಿದುಕೊಂಡರು.

ಸಾಬರ ಖಾಲಿ ಜಾಗದಲ್ಲಿ ಬರೆದೆ: ಹತ್ತಿತು.
ಅವರ ಅಕ್ಷರ ಬಲಕ್ಕೆ ವಾಲುತ್ತೆ, ನನ್ನದು ಎಡಕ್ಕೆ.
ಟ್ರೇಯ ಮೂರನೇ ಗುಳಿ ಖಾಲಿಯಿತ್ತು.
ಪೆಂಟಿಯಮ್ಮನ್ನು ಇಟ್ಟೆ.
ಇನ್ನೂ ಬೆಚ್ಚಗಿತ್ತು.